ಗಾಲಿ ಮನೆಯ ಕೊಳಾಯಿಗೆ ಹಿಮದ ಕಾಟ

ಅಮೆರಿಕ ಮತ್ತು ಕೆನಡಾ ದೇಶಗಳ ಉತ್ತರ ಭಾಗದಲ್ಲಿ ಅಕ್ಟೋಬರ್ ಬಂತೆಂದರೆ ಮರಗಳ ಎಲೆಗಳೆಲ್ಲ ಕೆಂಪು, ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಆ ಸೊಬಗನ್ನು ನೋಡಲು ಜನ ಊರೂರು ಸುತ್ತುತ್ತಾರೆ. ಆದರೆ ಮನೆಯಂಗಳದಲ್ಲಿ ಕ್ಯಾಂಪರ್ ನಿಲ್ಲಿಸಿಕೊಂಡವರ ಕಣ್ಣು ಎಲೆಗಳ ಮೇಲಲ್ಲ, ಹವಾಮಾನದ ವರದಿಯ ಮೇಲಿರುತ್ತದೆ. ರಾತ್ರಿಯ ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ 32 ಡಿಗ್ರಿ ಫ್ಯಾರನ್‌ಹೀಟ್‌ಗೆ, ಇಳಿಯುವ ಮೊದಲು ಅವರು ಒಂದು ಕೆಲಸವನ್ನು ಮುಗಿಸಲೇಬೇಕು. ಗಾಡಿಯೊಳಗಿನ ಕೊಳಾಯಿಗಳಲ್ಲಿರುವ ನೀರನ್ನೆಲ್ಲ ಹೊರಗೆ ಹಾಕಬೇಕು. ಬೇಸಿಗೆಯಲ್ಲಿ ಇಷ್ಟೊಂದು ಸುಖ ಕೊಟ್ಟ ನೀರು ಚಳಿಗಾಲದಲ್ಲಿ ಒಳಗೇ ಉಳಿದುಬಿಟ್ಟರೆ ಶತ್ರುವಾಗುತ್ತದೆ!

ಕ್ಯಾಂಪರ್ ಎಂದರೆ ಗಾಲಿಗಳ ಮೇಲಿನ ಪುಟ್ಟ ಮನೆ. ಕೆಲವಕ್ಕೆ ಸ್ವಂತ ಎಂಜಿನ್ ಇರುತ್ತದೆ, ಕೆಲವನ್ನು ಕಾರು ಅಥವಾ ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯಬೇಕು. ಹೊಳೆಯುವ ಅಲ್ಯೂಮಿನಿಯಂ ಮೈಯ ಏರ್‌ಸ್ಟ್ರೀಮ್ ಗಾಡಿಗಳು 1930ರ ದಶಕದಿಂದಲೂ ಅಲ್ಲಿನ ರಸ್ತೆಗಳಲ್ಲಿ ಓಡಾಡುತ್ತಿವೆ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರಂತೂ ಇಂಥ ಗಾಡಿಗಳ ತಯಾರಿಕೆಗೇ ಹೆಸರುವಾಸಿ. ಒಳಗೆ ಹೊಕ್ಕರೆ ಅಡುಗೆಯ ಒಲೆ, ಸಿಂಕು, ಶವರ್, ಶೌಚಾಲಯ, ಮಲಗುವ ಜಾಗ ಎಲ್ಲವೂ ಇವೆ. ಇದಕ್ಕೆಲ್ಲ ನೀರು ಬೇಕಲ್ಲ? ಶುದ್ಧ ನೀರಿಗೆ ಒಂದು ಟ್ಯಾಂಕು, ಸಿಂಕು ಮತ್ತು ಶವರಿನ ಕೊಳೆನೀರಿಗೆ ಇನ್ನೊಂದು, ಶೌಚಾಲಯಕ್ಕೆ ಮತ್ತೊಂದು. ಹನ್ನೆರಡು ವೋಲ್ಟಿನ ಒಂದು ಚಿಕ್ಕ ಪಂಪು. ಸಾಮಾನ್ಯವಾಗಿ 6 ಗ್ಯಾಲನ್, ಎಂದರೆ ಸುಮಾರು 23 ಲೀಟರ್ ಹಿಡಿಯುವ ಗ್ಯಾಸ್ ಅಥವಾ ವಿದ್ಯುತ್ತಿನ ಬಾಯ್ಲರ್. ಇವನ್ನೆಲ್ಲ ಕೂಡಿಸುವ ಅರ್ಧ ಅಂಗುಲದ ಕೊಳವೆಗಳು ಕಪಾಟುಗಳ ಹಿಂದೆ, ಹಾಸಿಗೆಯ ಕೆಳಗೆ, ನೆಲದ ಅಡಿಯಲ್ಲಿ ಹಾವಿನಂತೆ ಸುತ್ತಿಕೊಂಡಿರುತ್ತವೆ.

ಮನೆಯ ಗೋಡೆಗೂ ಕ್ಯಾಂಪರಿನ ಗೋಡೆಗೂ ಬಹಳ ವ್ಯತ್ಯಾಸ. ಗಾಡಿ ಹಗುರವಾಗಿರಬೇಕೆಂದು ಅದರ ಗೋಡೆಯನ್ನು ಒಂದೆರಡು ಅಂಗುಲಕ್ಕಿಂತ ದಪ್ಪ ಮಾಡುವುದಿಲ್ಲ. ನೆಲದ ಕೆಳಗೂ ಗಾಳಿ ಬೀಸುತ್ತಿರುತ್ತದೆ. ವಾಸಿಸುವವರಿಲ್ಲದೆ ಒಳಗೆ ಬಿಸಿ ಇಲ್ಲದಿದ್ದರೆ ಹೊರಗಿನ ಚಳಿಯೇ ಒಳಗಿನ ಚಳಿ. ಮಿನ್ನೆಸೋಟದಂಥ ರಾಜ್ಯದಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವುದು ಅಪರೂಪವೇನಲ್ಲ. ನಮ್ಮ ಮಡಿಕೇರಿಯ ಚಳಿಗೆ ಕಂಬಳಿ ಹೊದ್ದವರಿಗೆ ಇದನ್ನು ಊಹಿಸುವುದೂ ಕಷ್ಟ.

ನೀರಿನ ವಿಚಿತ್ರ ಗುಣ

ಬಹುತೇಕ ದ್ರವಗಳು ಗಟ್ಟಿಯಾಗುವಾಗ ಕುಗ್ಗುತ್ತವೆ. ತುಪ್ಪ ಹೆಪ್ಪುಗಟ್ಟಿದಾಗ ಡಬ್ಬಿಯ ನಡುವೆ ಗುಳಿ ಬೀಳುವುದನ್ನು ಎಲ್ಲರೂ ಕಂಡಿದ್ದಾರೆ. ನೀರು ಈ ನಿಯಮಕ್ಕೆ ಹೊರತು. ತಣ್ಣಗಾಗುತ್ತಾ 4 ಡಿಗ್ರಿಯವರೆಗೆ ಅದೂ ಕುಗ್ಗುತ್ತದೆ. ಅಲ್ಲಿಂದ ಕೆಳಗೆ ಹಿಗ್ಗತೊಡಗಿ, ಮಂಜುಗಡ್ಡೆಯಾಗುವಾಗ ಒಮ್ಮೆಗೇ ನೂರಕ್ಕೆ ಸುಮಾರು 9ರಷ್ಟು ಉಬ್ಬಿಕೊಳ್ಳುತ್ತದೆ. ದ್ರವರೂಪದಲ್ಲಿ ಒತ್ತೊತ್ತಾಗಿ ಓಡಾಡುತ್ತಿದ್ದ ನೀರಿನ ಅಣುಗಳು ಗಡ್ಡೆ ಕಟ್ಟುವಾಗ ಹೈಡ್ರೋಜನ್ ಬಂಧಗಳಿಂದ ಕೈಕೈ ಹಿಡಿದು ಷಟ್ಕೋನಗಳಲ್ಲಿ ನಿಲ್ಲುತ್ತವೆ. ಆ ಷಟ್ಕೋನಗಳ ನಡುವೆ ಖಾಲಿ ಜಾಗ ಹೆಚ್ಚು. ಸರೋವರದ ನೀರು ಮೇಲಿನಿಂದ ಹೆಪ್ಪುಗಟ್ಟಿ ಕೆಳಗೆ ಮೀನುಗಳು ಬದುಕುಳಿಯುವುದಕ್ಕೂ ಇದೇ ಕಾರಣ ಎಂದು ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. ಮೀನಿಗೆ ವರವಾದ ಗುಣ ಕೊಳಾಯಿಗೆ ಶಾಪ.

ಇದನ್ನು ಮನೆಯಲ್ಲೇ ನೋಡಬಹುದು. ಒಂದು ಪ್ಲಾಸ್ಟಿಕ್ ಲೋಟದಲ್ಲಿ ಮುಕ್ಕಾಲು ಭಾಗ ನೀರು ತುಂಬಿ, ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಗಡ್ಡೆ ಗೆರೆಯನ್ನು ದಾಟಿ ಮೇಲೆ ಬಂದಿರುತ್ತದೆ. ಗಾಜಿನ ಬಾಟಲಿಯಲ್ಲಿ ಮಾತ್ರ ಈ ಪ್ರಯೋಗ ಬೇಡ.

ಹಿಗ್ಗುವ ಮಂಜುಗಡ್ಡೆಯ ಬಲವೆಷ್ಟು? 1784-85ರ ಚಳಿಗಾಲದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿದ್ದ ಎಡ್ವರ್ಡ್ ವಿಲಿಯಮ್ಸ್ ಎಂಬ ಫಿರಂಗಿದಳದ ಮೇಜರ್ ಇದನ್ನು ಪರೀಕ್ಷಿಸಿದ. ಕಬ್ಬಿಣದ ಟೊಳ್ಳು ಗುಂಡುಗಳಲ್ಲಿ ನೀರು ತುಂಬಿ, ಬಾಯಿಗೆ ಕಬ್ಬಿಣದ ಬಿರಡೆ ಜಡಿದು, ರಾತ್ರಿಯ ಚಳಿಗೆ ಬಿಟ್ಟ. ಒಂದು ಗುಂಡಿನ ಬಿರಡೆ ಕಿತ್ತು ನಾನೂರಕ್ಕೂ ಹೆಚ್ಚು ಅಡಿ ದೂರ ಹೋಗಿ ಬಿತ್ತು. ತೂತಿನಿಂದ ಮಂಜುಗಡ್ಡೆಯ ಕಂಬವೊಂದು ಹೊರಚಾಚಿತ್ತು. ಬಿರಡೆ ಅಲುಗದಂತೆ ಬಿಗಿಯಾಗಿದ್ದ ಇನ್ನೊಂದು ಗುಂಡು ನಡುವೆ ಸೀಳಿಹೋಗಿ, ಬಿರುಕಿನ ಉದ್ದಕ್ಕೂ ಗಡ್ಡೆಯ ಪಟ್ಟಿ ಇಣುಕಿತ್ತು. ಮದ್ದಿಲ್ಲ, ಬೆಂಕಿಯಿಲ್ಲ, ಬರೀ ನೀರು! ಎಳ್ಳಷ್ಟೂ ಜಗ್ಗದ ಪಾತ್ರೆಯಲ್ಲಿ ನೀರನ್ನು ಬಂಧಿಸಿ ಸೊನ್ನೆಗಿಂತ 22 ಡಿಗ್ರಿ ಕೆಳಗೆ ಒಯ್ದರೆ ಒತ್ತಡ ವಾಯುಭಾರದ ಎರಡು ಸಾವಿರ ಪಟ್ಟನ್ನೂ ಮೀರುತ್ತದೆ. ಕ್ಯಾಂಪರಿನ ಕೊಳವೆಗಳಲ್ಲಿ ದಿನನಿತ್ಯ ಇರುವ ಒತ್ತಡ ಮೂರೋ ನಾಲ್ಕೋ ವಾಯುಭಾರ ಮಾತ್ರ.

ಇಲ್ಲೊಂದು ಸ್ವಾರಸ್ಯವಿದೆ. ಗಡ್ಡೆ ಕಟ್ಟಿದ ಜಾಗದಲ್ಲೇ ಕೊಳವೆ ಒಡೆಯುತ್ತದೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ಅನೇಕ ಸಲ ಒಡೆಯುವುದು ಗಡ್ಡೆಯೇ ಇಲ್ಲದ ಕಡೆ. ಕೊಳವೆಯ ತಣ್ಣನೆಯ ಭಾಗದಲ್ಲಿ ಮೊದಲು ಗಡ್ಡೆಯ ಬಿರಡೆಯೊಂದು ಹುಟ್ಟಿಕೊಳ್ಳುತ್ತದೆ. ಅದು ಉದ್ದಕ್ಕೆ ಬೆಳೆಯುತ್ತಾ ಹೋದಂತೆ ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರು ಪಿಸ್ಟನ್ನಿನ ಮುಂದೆ ಸಿಕ್ಕಂತಾಗುತ್ತದೆ. ನೀರನ್ನು ಅದುಮಿ ಚಿಕ್ಕದು ಮಾಡಲಾಗದು. ಒತ್ತಡ ಏರಿ ಏರಿ ಕೊನೆಗೆ ಎಲ್ಲಿ ದುರ್ಬಲವೋ ಅಲ್ಲಿ ಬಿರುಕು. 1990ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧಕರು ಮನೆಯ ಕೊಳವೆಗಳ ಮೇಲೆ ನಡೆಸಿದ ಪ್ರಯೋಗಗಳೂ ಇದನ್ನೇ ತೋರಿಸಿದವು. ಹೊದಿಕೆಯಿಲ್ಲದ ಕೊಳವೆಗಳಿಗೆ 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆಗಿಂತ ಸುಮಾರು 7 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯನ್ನು ಎಚ್ಚರಿಕೆಯ ಗೆರೆ ಎಂದು ಅವರು ಗುರುತಿಸಿದರು. ತೀವ್ರ ಚಳಿಯಲ್ಲಿ ನಲ್ಲಿಯನ್ನು ಸ್ವಲ್ಪ ತೊಟ್ಟಿಕ್ಕಲು ಬಿಡಬೇಕೆಂಬ ಹಳೆಯ ಸಲಹೆಯ ಮರ್ಮವೂ ಇದೇ. ಹರಿಯುವ ನೀರು ಗಡ್ಡೆ ಕಟ್ಟದು ಎಂಬುದಕ್ಕಿಂತ, ಸಿಕ್ಕಿಕೊಂಡ ನೀರಿಗೆ ಹೊರಬರಲು ದಾರಿ ಇರುತ್ತದೆ ಎಂಬುದೇ ಮುಖ್ಯ.

ಕೊಳವೆ ಚಳಿಗಾಲದಲ್ಲಿ ಒಡೆದರೂ ಅದು ಗೊತ್ತಾಗುವುದು ವಸಂತದಲ್ಲಿ! ಗಡ್ಡೆಯೇ ಬಿರುಕನ್ನು ಮುಚ್ಚಿಕೊಂಡಿರುತ್ತದೆ. ಏಪ್ರಿಲ್ ತಿಂಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪ್ರವಾಸ ಹೊರಟು ಪಂಪಿನ ಗುಂಡಿ ಒತ್ತಿದಾಗ ಗೋಡೆಯೊಳಗಿನಿಂದ ನೀರು ಜಿನುಗುತ್ತದೆ. ನೆಲದ ಪ್ಲೈವುಡ್ ನೆನೆದು ಕೊಳೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಚಿಕ್ಕದೊಂದು ಪ್ಲಾಸ್ಟಿಕ್ ಜೋಡಣೆ ಒಡೆದದ್ದಕ್ಕೆ ನೆಲವನ್ನೇ ಕಿತ್ತು ಹಾಕಬೇಕಾದ ಪ್ರಸಂಗಗಳುಂಟು.

ಮೊದಲು ಬರಿದು ಮಾಡುವುದು

ಕೆಲಸ ಶುರುವಾಗುವುದು ಟ್ಯಾಂಕುಗಳಿಂದ. ಕೊಳೆನೀರಿನ ಎರಡು ಟ್ಯಾಂಕುಗಳನ್ನೂ ಅದಕ್ಕೆಂದೇ ಇರುವ ಸ್ಥಳದಲ್ಲಿ ಖಾಲಿ ಮಾಡಿ ತೊಳೆಯುತ್ತಾರೆ. ಶುದ್ಧ ನೀರಿನ ಟ್ಯಾಂಕಿನ ಕೆಳಗಿನ ಮುಚ್ಚಳ ತೆಗೆಯುತ್ತಾರೆ. ನೀರು ಶೋಧಿಸುವ ಫಿಲ್ಟರ್ ಇದ್ದರೆ ಅದನ್ನು ಕಳಚಿ ಎತ್ತಿಡಬೇಕು.

ಬಾಯ್ಲರಿನ ಸರದಿ ಬಂದಾಗ ಅವಸರ ಸಲ್ಲದು. ಮೊದಲು ಗ್ಯಾಸು, ವಿದ್ಯುತ್ತು ಎರಡನ್ನೂ ಆರಿಸಬೇಕು. ನೀರು ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಪಂಪು ನಿಲ್ಲಿಸಿ, ಬಿಸಿನೀರಿನ ನಲ್ಲಿಯೊಂದನ್ನು ತೆರೆದು ಒತ್ತಡ ಇಳಿಸಿದ ಮೇಲಷ್ಟೇ ಕೆಳಗಿನ ಬಿರಡೆಗೆ ಸ್ಪ್ಯಾನರ್ ಹಾಕಬೇಕು. ಒತ್ತಡದಲ್ಲಿರುವ ಕುದಿನೀರಿನ ಬಿರಡೆ ಬಿಚ್ಚಿ ಕೈಮುಖ ಸುಟ್ಟುಕೊಳ್ಳುವ ಅಪಾಯ ಸಣ್ಣದಲ್ಲ. ಉಕ್ಕಿನ ಟ್ಯಾಂಕಿರುವ ಬಾಯ್ಲರುಗಳಲ್ಲಿ ಆ ಬಿರಡೆಯ ತುದಿಗೆ ಮೆಗ್ನೀಷಿಯಂ ಅಥವಾ ಅಲ್ಯೂಮಿನಿಯಂ ಕಡ್ಡಿಯೊಂದು ಅಂಟಿಕೊಂಡಿರುತ್ತದೆ. ಉಕ್ಕಿಗಿಂತ ಬೇಗ ಸವೆಯುವ ಈ ಲೋಹ ತಾನು ಕರಗಿ ಟ್ಯಾಂಕು ತುಕ್ಕು ಹಿಡಿಯದಂತೆ ಕಾಯುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಲೋಹಗಳ ಕ್ರಿಯಾಶೀಲತೆಯ ಶ್ರೇಣಿಯನ್ನು ಬಾಯಿಪಾಠ ಮಾಡುವ ಬದಲು ಒಂದು ವರ್ಷ ನೀರಲ್ಲಿದ್ದ ಈ ಕಡ್ಡಿಯನ್ನು ಒಮ್ಮೆ ನೋಡಿದರೆ ಸಾಕು. ಹುಳು ತಿಂದ ಕಬ್ಬಿನಂತೆ ಕಾಣುತ್ತದೆ. ಮುಕ್ಕಾಲು ಪಾಲು ಸವೆದಿದ್ದರೆ ಹೊಸದು ಹಾಕಬೇಕು.

ಬಾಯ್ಲರ್ ಖಾಲಿಯಾದ ಮೇಲೆ ಯಾರೂ ತಪ್ಪಿಯೂ ಅದರ ವಿದ್ಯುತ್ ಸ್ವಿಚ್ಚು ಒತ್ತಬಾರದು. ನೀರಿಲ್ಲದೆ ಕಾಯುವ ವಿದ್ಯುತ್ ಸುರುಳಿ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಜಾಣರು ಸ್ವಿಚ್ಚಿನ ಮೇಲೆ ಒಂದು ಪಟ್ಟಿ ಅಂಟಿಸಿಡುತ್ತಾರೆ.

ಇನ್ನು ಕೊಳವೆಗಳು. ಇವುಗಳ ಅತ್ಯಂತ ತಗ್ಗಿನ ಜಾಗದಲ್ಲಿ ತಣ್ಣೀರಿಗೊಂದು, ಬಿಸಿನೀರಿಗೊಂದು ನಿಕಾಲೆ ವಾಲ್ವು ಇರುತ್ತದೆ. ಅವನ್ನೂ ಎಲ್ಲ ನಲ್ಲಿಗಳನ್ನೂ ತೆರೆದಿಟ್ಟರೆ ನೀರು ಇಳಿದುಹೋಗುತ್ತದೆ. ಪೂರ್ತಿ ಹೋಯಿತೇ? ಇಲ್ಲ. ಕೊಳವೆ ಜೋಲುಬಿದ್ದ ಕಡೆ, ಪಂಪಿನ ಹೊಟ್ಟೆಯಲ್ಲಿ, ವಾಲ್ವುಗಳ ಸಂದಿಯಲ್ಲಿ ಅಷ್ಟಿಷ್ಟು ನೀರು ಉಳಿದೇ ಉಳಿಯುತ್ತದೆ. ಅದನ್ನು ಹೊರಡಿಸಲು ಕೆಲವರು ಗಾಳಿಯ ಕಂಪ್ರೆಸರ್ ಬಳಸುತ್ತಾರೆ. ಬಾಯ್ಲರಿನ ಬಿರಡೆಯನ್ನೂ ತಗ್ಗಿನ ವಾಲ್ವುಗಳನ್ನೂ ಮೊದಲು ಮುಚ್ಚಿ, ಹೊರಗಿನ ನೀರಿನ ಸಂಪರ್ಕದ ಬಾಯಿಗೆ ಗಾಳಿ ಕೊಟ್ಟು, ಒಂದೊಂದೇ ನಲ್ಲಿ ತೆರೆಯುತ್ತಾ ಹೋದರೆ ಉಳಿದ ನೀರು ಬುಸುಗುಟ್ಟುತ್ತಾ ಹೊರಬೀಳುತ್ತದೆ. ಗಾಳಿಯ ಒತ್ತಡ ಚದರ ಅಂಗುಲಕ್ಕೆ 40 ಪೌಂಡಿನ ಆಸುಪಾಸಿನಲ್ಲಿರಬೇಕು. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ 100 ಪೌಂಡಿಗೂ ಹೆಚ್ಚು ಕೊಡಬಲ್ಲದು. ಅದನ್ನು ಹಾಗೇ ಹಾಯಿಸಿದರೆ ಮಂಜುಗಡ್ಡೆ ಮಾಡಬೇಕಾದ ಕೆಲಸವನ್ನು ಮನುಷ್ಯನೇ ಮಾಡಿದಂತಾಯಿತು.

ಗುಲಾಬಿ ದ್ರವದ ರಹಸ್ಯ

ಹೆಚ್ಚಿನ ಜನ ಗಾಳಿಯೊಂದನ್ನೇ ನಂಬುವುದಿಲ್ಲ. ಉಳಿದ ನೀರಿನ ಜಾಗದಲ್ಲಿ ಗುಲಾಬಿ ಬಣ್ಣದ ಒಂದು ದ್ರವ ತುಂಬಿಸುತ್ತಾರೆ. ಇದು ನೀರು ಬೆರೆಸಿದ ಪ್ರೊಪಿಲೀನ್ ಗ್ಲೈಕಾಲ್. ನೀರಿನಲ್ಲಿ ಬೇರೆ ವಸ್ತು ಕರಗಿದಾಗ ಅದರ ಅಣುಗಳು ನೀರಿನ ಅಣುಗಳ ಸಾಲುಗಟ್ಟುವಿಕೆಗೆ ಅಡ್ಡ ಬರುತ್ತವೆ, ಹೆಪ್ಪುಗಟ್ಟುವ ಬಿಂದು ಕೆಳಗಿಳಿಯುತ್ತದೆ. ಐಸ್‌ಕ್ರೀಂ ಮಾಡುವಾಗ ಮಂಜುಗಡ್ಡೆಗೆ ಉಪ್ಪು ಬೆರೆಸುವುದರ ಹಿಂದೆಯೂ ಇದೇ ತತ್ತ್ವ. ಹಾಗಾದರೆ ಅಗ್ಗದ ಉಪ್ಪುನೀರನ್ನೇ ತುಂಬಬಾರದೇಕೆ? ಹಿತ್ತಾಳೆ, ಉಕ್ಕಿನ ಭಾಗಗಳನ್ನು ಅದು ತಿಂದುಹಾಕುತ್ತದೆ. ಆಲ್ಕೋಹಾಲ್ ಬೆರೆಸಿದ ದ್ರವಗಳೂ ಮಾರುಕಟ್ಟೆಯಲ್ಲಿವೆ. ಬೆಲೆ ಕಡಿಮೆ, ಆದರೆ ಅವು ರಬ್ಬರಿನ ಬಳೆಗಳನ್ನು ಒಣಗಿಸುತ್ತವೆ.

ಬಾಟಲಿಯ ಮೇಲೆ ದೊಡ್ಡದಾಗಿ ‘ಮೈನಸ್ 50’ ಎಂದು ಬರೆದಿರುತ್ತದೆ. ಇದು ಫ್ಯಾರನ್‌ಹೀಟ್ ಲೆಕ್ಕ, ಸೆಲ್ಸಿಯಸ್‌ನಲ್ಲಿ ಸುಮಾರು ಮೈನಸ್ 46. ಅಲ್ಲಿಯವರೆಗೂ ಇದು ಹೆಪ್ಪುಗಟ್ಟುವುದಿಲ್ಲವೆಂದು ತಿಳಿದರೆ ತಪ್ಪು. ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿಳಿದಾಗಲೇ ಇದರಲ್ಲಿ ಗಡ್ಡೆಯ ಹರಳುಗಳು ಮೂಡಿ ಕೆಸರಿನಂತಾಗುತ್ತದೆ. ಆದರೆ ಕೆಸರು ಕಲ್ಲಾಗುವುದಿಲ್ಲ. ಹಿಗ್ಗಿದರೂ ಜರುಗಲು ಅದಕ್ಕೆ ಸಾಧ್ಯ, ಕೊಳವೆ ಒಡೆಯುವುದಿಲ್ಲ. ಬಾಟಲಿಯ ಅಂಕಿ ಹೇಳುವುದು ಕೊಳವೆ ಒಡೆಯದಿರುವ ಮಿತಿಯನ್ನೇ ಹೊರತು ಗಡ್ಡೆ ಕಟ್ಟದಿರುವ ಮಿತಿಯನ್ನಲ್ಲ. ಈ ದ್ರವಕ್ಕೆ ಇನ್ನಷ್ಟು ನೀರು ಸೇರಿದರೆ ಅದರ ಶಕ್ತಿ ಕುಂದುತ್ತದೆ. ಮೊದಲು ಬರಿದು ಮಾಡಿ ಆಮೇಲೆ ತುಂಬಬೇಕೆಂಬ ಕ್ರಮ ಅದಕ್ಕಾಗಿಯೇ.

ತುಂಬುವ ವಿಧಾನ ಸುಲಭ. ಬಾಯ್ಲರಿಗೆ ಹೋಗುವ, ಬರುವ ಎರಡು ದಾರಿಗಳನ್ನೂ ಮುಚ್ಚಿ ನೀರು ಅದನ್ನು ಬಳಸಿ ಹೋಗುವಂತೆ ಅಡ್ಡದಾರಿಯ ವಾಲ್ವು ತಿರುಗಿಸುತ್ತಾರೆ. ಇಲ್ಲದಿದ್ದರೆ 23 ಲೀಟರ್ ದುಬಾರಿ ದ್ರವ ಬಾಯ್ಲರಿನ ಹೊಟ್ಟೆಗೇ ಹೋಗುತ್ತದೆ. ಖಾಲಿ ಬಾಯ್ಲರಿಗೆ ಚಳಿಯ ಭಯವಿಲ್ಲ. ತಗ್ಗಿನ ವಾಲ್ವುಗಳನ್ನು ಮುಚ್ಚಿ, ಪಂಪಿನ ಹೀರುವ ಬದಿಗೆ ಚಿಕ್ಕ ರಬ್ಬರ್ ನಳಿಕೆ ಸಿಕ್ಕಿಸಿ ಬಾಟಲಿಯಲ್ಲಿ ಅದ್ದಿ ಪಂಪು ಓಡಿಸಿದರೆ ಸಾಕು. ಒಂದೊಂದೇ ನಲ್ಲಿಯನ್ನು ಮೊದಲು ತಣ್ಣೀರಿನ ಕಡೆ, ನಂತರ ಬಿಸಿನೀರಿನ ಕಡೆ ತಿರುಗಿಸಿ ಗುಲಾಬಿ ಬಣ್ಣ ಬರುವವರೆಗೆ ಬಿಡಬೇಕು. ಚಿಕ್ಕ ಗಾಡಿಗೆ ಎಂಟು ಹತ್ತು ಲೀಟರ್ ಸಾಕಾಗುತ್ತದೆ.

ಎಡವುವುದು ಎಲ್ಲಿ? ಮರೆತುಹೋಗುವ ಜಾಗಗಳಲ್ಲಿ. ಬೀಚಿನಿಂದ ಬಂದವರು ಕಾಲು ತೊಳೆಯಲೆಂದು ಗಾಡಿಯ ಹೊರಮೈಯಲ್ಲಿ ಪುಟ್ಟ ಬಾಗಿಲ ಹಿಂದೆ ಇರುವ ಶವರ್ ಈ ಪಟ್ಟಿಯಲ್ಲಿ ಮೊದಲನೆಯದು. ಗಾಡಿಯಲ್ಲಿ ಅತಿ ತಣ್ಣಗಿರುವ ನಲ್ಲಿ ಅದೇ, ಮರೆಯುವುದೂ ಅದನ್ನೇ! ಶೌಚಾಲಯದ ನೀರಿನ ವಾಲ್ವು, ಹೊರಗಿನ ಸಂಪರ್ಕದ ಬಾಯಿಯಲ್ಲಿರುವ ಏಕಮುಖ ವಾಲ್ವು, ಫ್ರಿಜ್ಜಿನ ಐಸ್ ಯಂತ್ರಕ್ಕೆ ಹೋಗುವ ಸಣ್ಣ ನಳಿಕೆ ಕೂಡ ಹಾಗೆಯೇ. ಸಿಂಕು ಮತ್ತು ಶವರಿನ ಕೆಳಗೆ ದುರ್ವಾಸನೆ ಮೇಲೆ ಬರದಂತೆ ನೀರು ನಿಲ್ಲುವ ಬಾಗು ಕೊಳವೆ ಇರುತ್ತದೆ. ಅಲ್ಲಿಯೂ ಒಂದೊಂದು ಲೋಟ ಗುಲಾಬಿ ದ್ರವ ಸುರಿಯಬೇಕು. ಇಂದಿನ ಗಾಡಿಗಳಲ್ಲಿರುವ ಪೆಕ್ಸ್ ಎಂಬ ಪ್ಲಾಸ್ಟಿಕ್ ಕೊಳವೆ ಸ್ವಲ್ಪ ಹಿಗ್ಗಿ ಮತ್ತೆ ಕುಗ್ಗಬಲ್ಲದು. ಅದನ್ನು ನಂಬಿ ಸುಮ್ಮನಿರುವವರಿದ್ದಾರೆ. ಕೊಳವೆ ಉಳಿದರೂ ಅದರ ಜೋಡಣೆಗಳು, ನಲ್ಲಿ, ಪಂಪು ಉಳಿಯಬೇಕಲ್ಲ?

ಬಣ್ಣ ನೋಡಿ ನಂಬಬೇಡಿ

ಪೋಷಕರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಕಾರಿನ ರೇಡಿಯೇಟರಿಗೆ ಹಾಕುವ ದ್ರವವೂ ಹೆಪ್ಪುಗಟ್ಟದಂತೆ ತಡೆಯುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ಹೆಸರಿನಲ್ಲಿ ಎರಡೂ ಅಣ್ಣತಮ್ಮಂದಿರು, ರಚನೆಯಲ್ಲೂ ಒಂದು ಕಾರ್ಬನ್ ಪರಮಾಣು ಮತ್ತು ಅದರ ಜೊತೆಯ ಎರಡು ಹೈಡ್ರೋಜನ್‌ಗಳಷ್ಟೇ ವ್ಯತ್ಯಾಸ. ದೇಹದೊಳಗೆ ಮಾತ್ರ ಅಜಗಜಾಂತರ. ಪ್ರೊಪಿಲೀನ್ ಗ್ಲೈಕಾಲ್ ಯಕೃತ್ತಿನಲ್ಲಿ ಲ್ಯಾಕ್ಟಿಕ್ ಆಮ್ಲವಾಗಿ ಮುಂದೆ ಸಾಗುತ್ತದೆ. ಆಹಾರ, ಔಷಧಗಳಲ್ಲೂ ಅದನ್ನು ಮಿತವಾಗಿ ಬಳಸುತ್ತಾರೆ. ಎಥಿಲೀನ್ ಗ್ಲೈಕಾಲ್ ಆಕ್ಸಾಲಿಕ್ ಆಮ್ಲವಾಗಿ, ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ರುಚಿ ಸಿಹಿಯಾದ್ದರಿಂದ ಮಕ್ಕಳು, ಸಾಕುನಾಯಿಗಳು ನೆಕ್ಕಿಬಿಡುವ ಅಪಾಯವಿದೆ. ಕುಡಿಯುವ ನೀರಿನ ಕೊಳವೆಗೆ ಅದನ್ನು ಎಂದಿಗೂ ಹಾಕಕೂಡದು. ಹಸಿರು ವಿಷ, ಗುಲಾಬಿ ಕ್ಷೇಮ ಎಂಬ ಹಳೆಯ ಲೆಕ್ಕ ಈಗ ನಡೆಯದು. ಕಾರಿನ ದ್ರವಗಳೂ ಕಿತ್ತಳೆ, ಗುಲಾಬಿ ಬಣ್ಣಗಳಲ್ಲಿ ಬರುತ್ತವೆ. ಬಾಟಲಿಯ ಮೇಲಿನ ಅಕ್ಷರಗಳನ್ನು ಓದುವುದೊಂದೇ ದಾರಿ.

ಚಳಿಯಲ್ಲೇ ವಾಸಿಸುವವರು

ಕೆಲವರು ಚಳಿಗಾಲದಲ್ಲೂ ಕ್ಯಾಂಪರಿನಲ್ಲೇ ಇರುತ್ತಾರೆ. ಅನುಕೂಲವಿದ್ದವರು ಹಕ್ಕಿಗಳಂತೆ ದಕ್ಷಿಣಕ್ಕೆ, ಅರಿಜೋನಾದ ಮರುಭೂಮಿಗೋ ಫ್ಲಾರಿಡಾಕ್ಕೋ ಗಾಡಿ ಹೊಡೆಯುತ್ತಾರೆ. ಬಾಡಿಗೆ ಮನೆ ಕೈಗೆಟುಕದೆ ಗಾಡಿಯಲ್ಲೇ ಉಳಿದವರಿಗೆ ಆ ಅವಕಾಶವಿಲ್ಲ. ಅವರು ಗಾಡಿಯ ಸುತ್ತ ನೆಲದವರೆಗೆ ಹಲಗೆ ಅಥವಾ ದಪ್ಪ ಬಟ್ಟೆ ಕಟ್ಟಿ ಗಾಳಿ ತಡೆಯುತ್ತಾರೆ, ಕೊಳವೆಗೆ ವಿದ್ಯುತ್ತಿನಿಂದ ಬಿಸಿಯಾಗುವ ಪಟ್ಟಿ ಸುತ್ತುತ್ತಾರೆ. ಬರೀ ಸ್ಪಂಜು ಸುತ್ತಿದರೆ ಸಾಲದು. ಸ್ಪಂಜು ಶಾಖವನ್ನು ಹುಟ್ಟಿಸುವುದಿಲ್ಲ, ಇರುವ ಶಾಖ ಹೋಗುವುದನ್ನು ನಿಧಾನ ಮಾಡುತ್ತದೆ ಅಷ್ಟೆ. ಕೊಳೆನೀರಿನ ವಾಲ್ವನ್ನು ತೆರೆದೇ ಇಟ್ಟರೆ ತೊಟ್ಟಿಕ್ಕುವ ನೀರು ಹೊರಗಿನ ಪೈಪಿನಲ್ಲಿ ಪದರ ಪದರವಾಗಿ ಗಡ್ಡೆ ಕಟ್ಟಿ ದಾರಿಯನ್ನೇ ಮುಚ್ಚುತ್ತದೆ. ಆದ್ದರಿಂದ ಅದನ್ನು ಮುಚ್ಚಿಟ್ಟು, ಟ್ಯಾಂಕು ತುಂಬಿದ ಮೇಲೆ ಒಮ್ಮೆಲೇ ಬಿಡುತ್ತಾರೆ. ಕೊಳಾಯಿ ಬೆಚ್ಚಗಿರಲೆಂದು ಮುಚ್ಚಿದ ಗಾಡಿಯೊಳಗೆ ಅಡುಗೆಯ ಗ್ಯಾಸ್ ಒಲೆಯನ್ನೋ ಇದ್ದಿಲನ್ನೋ ಉರಿಸುವುದು ಮಾತ್ರ ಪ್ರಾಣಕ್ಕೆ ಎರವು. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ.

ಬೆಚ್ಚನೆಯ ಊರಿನವರಿಗೆ ಇದೆಲ್ಲ ದೂರದ ಮಾತೆನಿಸಬಹುದು. ಟೆಕ್ಸಾಸ್ ರಾಜ್ಯದವರೂ ಹಾಗೆಂದುಕೊಂಡಿದ್ದರು. 2021ರ ಫೆಬ್ರವರಿಯಲ್ಲಿ ಅಲ್ಲಿ ದಿನಗಟ್ಟಲೆ ಹಿಮ ಕವಿದು ವಿದ್ಯುತ್ ಹೋದಾಗ ಅಟ್ಟದಲ್ಲಿ, ಹೊರಗೋಡೆಯಲ್ಲಿ ಹಾಯ್ದಿದ್ದ ಕೊಳವೆಗಳು ಊರೂರಿನಲ್ಲಿ ಒಡೆದವು. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಂತೆ ಆ ಚಳಿಯ ದುರಂತದಲ್ಲಿ ಸತ್ತವರು 246 ಮಂದಿ. ಓದಲೆಂದು ಕರ್ನಾಟಕದಿಂದ ಅಮೆರಿಕದ ಚಳಿ ರಾಜ್ಯಗಳಿಗೆ ಹೋದ ವಿದ್ಯಾರ್ಥಿಗಳು ಡಿಸೆಂಬರ್ ರಜೆಗೆ ಊರಿಗೆ ಬರುವಾಗ ವಿದ್ಯುತ್ ಬಿಲ್ಲು ಉಳಿಸಲೆಂದು ಬಾಡಿಗೆ ಮನೆಯ ಹೀಟರನ್ನು ಪೂರ್ತಿ ಆರಿಸಿ ಬರಬಾರದು. ಕನಿಷ್ಠ 55 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 13 ಡಿಗ್ರಿ ಸೆಲ್ಸಿಯಸ್ ಬಿಸಿ ಇರಲೇಬೇಕೆಂಬುದು ಅಲ್ಲಿನ ರೂಢಿಯ ಸಲಹೆ. ಕೊಳವೆ ಒಡೆದು ಕೆಳಗಿನ ಮನೆಗೆ ನೀರು ನುಗ್ಗಿದರೆ ಉಳಿಸಿದ ಬಿಲ್ಲಿನ ಎಷ್ಟೋ ಪಟ್ಟು ಕೈಬಿಡುತ್ತದೆ.

ಚಳಿ ಕಳೆದು ವಸಂತ ಬಂದಾಗ ಕ್ಯಾಂಪರಿನ ಕೆಲಸ ತಿರುಗುಮುರುಗಾಗುತ್ತದೆ. ಟ್ಯಾಂಕಿಗೆ ಹೊಸ ನೀರು ತುಂಬಿ ಗುಲಾಬಿ ಬಣ್ಣ ಹೋಗುವವರೆಗೆ ಎಲ್ಲ ನಲ್ಲಿಗಳನ್ನೂ ಹರಿಸುತ್ತಾರೆ. ಆಮೇಲೆ ಬಾಯ್ಲರಿನ ಬಿರಡೆ ಬಿಗಿದು ಅಡ್ಡದಾರಿಯನ್ನು ಮೊದಲಿನಂತೆ ತಿರುಗಿಸುತ್ತಾರೆ. ಪ್ರತಿ 15 ಗ್ಯಾಲನ್, ಎಂದರೆ 57 ಲೀಟರ್ ನೀರಿಗೆ ಕಾಲು ಕಪ್ಪು, ಅಂದರೆ ಸುಮಾರು 60 ಮಿಲಿಲೀಟರ್ ಪರಿಮಳವಿಲ್ಲದ ಬ್ಲೀಚಿಂಗ್ ದ್ರಾವಣ ಬೆರೆಸಿ ಕೊಳವೆಗಳಲ್ಲೆಲ್ಲ ಹಾಯಿಸಿ ಕೆಲವು ಗಂಟೆ ಬಿಟ್ಟು ತೊಳೆಯುತ್ತಾರೆ. ಬ್ಲೀಚಿನ ಶಕ್ತಿ ನೂರಕ್ಕೆ 5 ಎಂದು ಹಿಡಿದರೆ ಇದು ಹತ್ತು ಲಕ್ಷ ಭಾಗಕ್ಕೆ ಸುಮಾರು 50 ಭಾಗ ಕ್ಲೋರಿನ್. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಕೊನೆಯ ಪರೀಕ್ಷೆ ಕಿವಿಯದು. ಎಲ್ಲ ನಲ್ಲಿಗಳನ್ನೂ ಮುಚ್ಚಿ ಪಂಪು ಹಾಕಿದರೆ ಅದು ಒತ್ತಡ ಏರಿಸಿ ತಾನಾಗಿಯೇ ನಿಲ್ಲಬೇಕು. ನಿಂತ ಪಂಪು ಅರ್ಧ ಗಂಟೆ ಸುಮ್ಮನಿದ್ದರೆ ಕೊಳಾಯಿ ಕ್ಷೇಮ. ಯಾರೂ ನಲ್ಲಿ ಮುಟ್ಟದಿದ್ದರೂ ಆಗಾಗ ಗುರ್ ಎಂದರೆ ಎಲ್ಲೋ ನೀರು ಸೋರುತ್ತಿದೆಯೆಂದೇ ತಿಳಿದು, ಟಾರ್ಚು ಹಿಡಿದು ಹಾಸಿಗೆಯ ಕೆಳಗೆ, ಕಪಾಟಿನ ಹಿಂದೆ ಒಂದೊಂದೇ ಜೋಡಣೆಯನ್ನು ಮುಟ್ಟಿ ನೋಡುತ್ತಾ ಹೋಗಬೇಕು.